ಎಂಟು ಕುದುರೆ, ಒಂದು ಸೀಟು

ಕ್ಲಬ್ಬಿನ ಹಿಂದೆ ಲಂಟಾನದೊಳಗೆ ಕೂತಿತ್ತು,
ಕೂತಲ್ಲೇ ನಾಲ್ಕು ಬೆರಳು ಮಣ್ಣಿಗಿಳಿದು.
ಗುಜರಿಯವ ಕಿಲೋ ಲೆಕ್ಕ ಹೇಳಿದ,
ನಾನು ಐನೂರು ಜಾಸ್ತಿ ಹೇಳಿದೆ.
ಸೆಕ್ರೆಟರಿಗೆ ನಗು: "ಮೇಡಂ, ಇದರಲ್ಲಿ ಕೋಳಿ ಮೊಟ್ಟೆ ಇಡ್ತದೆ."
ನಿಜ. ಹುಲ್ಲು ತುಂಬುವ ಬುಟ್ಟಿಯಲ್ಲಿ ಮೂರಿದ್ದವು.
ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಪಿಕಪ್ಪಿನಿಂದ ಇಳಿಸುವಾಗ ಉತ್ತಯ್ಯ
ಕೈಕಟ್ಟಿ ನಿಂತು ಕೇಳಿದ್ದು ಒಂದೇ:
"ನಮ್ಮಲ್ಲಿ ಹುಲ್ಲುಹಾಸು ಎಲ್ಲಿ ಉಂಟು?"
ಮನೆ ಮುಂದೆ ಕಾಫಿ ಒಣಗಿಸುವ ಸಿಮೆಂಟು ಕಣ,
ಕಣ ದಾಟಿದರೆ ಕಾಫಿ,
ಕಾಫಿ ದಾಟಿದರೆ ಇನ್ನೊಬ್ಬರ ಕಾಫಿ.
ಉತ್ತರ ನನ್ನಲ್ಲೂ ಇರಲಿಲ್ಲ. ಸ್ಪ್ಯಾನರ್ ಇತ್ತು.

ಹೆಸರಿನ ತಗಡು ಸವೆದು ಉಳಿದದ್ದು ಒಂದು ಎಂಟು,
ಪಕ್ಕದಲ್ಲಿ ಕುದುರೆ ಎಂದಿದ್ದಿರಬೇಕು.
ಎಂಟು ಕುದುರೆ, ಒಂದು ಸಿಲಿಂಡರು, ಒಂದು ಸೀಟು,
ಸೀಟಿನ ಸ್ಪಂಜು ಇಲಿಗಳ ಪಾಲು.
ಟ್ಯಾಂಕಿನ ತಳದ ಪೆಟ್ರೋಲು ಜೋನಿಬೆಲ್ಲವಾಗಿ
ಹಳೇ ಬೀರುವಿನ ವಾಸನೆ ಹೊಡೆಯುತ್ತಿತ್ತು.
ಏರ್ ಫಿಲ್ಟರ್ ಬಿಚ್ಚಿದರೆ ಕಣಜದ ಮಣ್ಣುಗೂಡು,
ಕೋಣೆ ಕೋಣೆಯಾಗಿ,
ನಮ್ಮೂರ ಯಾವ ಮೇಸ್ತ್ರಿಗೂ ಬಾರದ ಅಚ್ಚುಕಟ್ಟು.

ಪಿಸ್ಟನ್ ಹಿಡಿದುಕೊಂಡಿತ್ತು.
ಪ್ಲಗ್ಗಿನ ತೂತಿಗೆ ಡೀಸೆಲ್ಲು, ಗೇರೆಣ್ಣೆ ಬೆರೆಸಿ ಹೊಯ್ದು
ಒಂಬತ್ತು ದಿನ ಬಿಟ್ಟೆ.
ಬೆಳಿಗ್ಗೆ ಹಲ್ಲುಜ್ಜುತ್ತ ಹೋಗಿ
ಚಕ್ರವನ್ನು ಒಮ್ಮೆ ಕೇಳುವುದು: ಬರ್ತೀಯಾ?
ಬರುವುದಿಲ್ಲ.
ಹತ್ತನೆಯ ದಿನ ಕೂದಲೆಳೆಯಷ್ಟು ಸರಿಯಿತು.
ಬಾಯಲ್ಲಿ ನೊರೆ ಇಟ್ಟುಕೊಂಡೇ ಕೂಗಿದೆ,
ನಾಯಿ ಮಾತ್ರ ಬಂತು.

ಸಿದ್ದಾಪುರದ ಮೊಯ್ದು ಭಾನುವಾರಗಳ ಮನುಷ್ಯ.
ಅದರದೇ ಬೆಲ್ಟು ಎಲ್ಲೂ ಸಿಗದೆ
ಕಾಫಿ ಪಲ್ಪರಿನದು ತಂದ, ಎರಡಿಂಚು ಉದ್ದ.
"ಉದ್ದವಾದರೆ ದಾರಿ ಉಂಟು, ಗಿಡ್ಡವಾದರೆ ಇಲ್ಲ,"
ಎನ್ನುತ್ತ ನಡುವೆ ಒಂದು ರಾಟೆ ಕೂರಿಸಿದ.
ಕಾರ್ಬೊರೇಟರಿನ ಕಣ್ಣು ಬಿಡಿಸಲು
ತಂತಿ ದಪ್ಪವಾಯಿತು, ಸೂಜಿ ದಪ್ಪವಾಯಿತು,
ಕೊನೆಗೆ ಸೈಕಲ್ ಬ್ರೇಕಿನ ಕೇಬಲ್ ಬಿಚ್ಚಿ
ಅದರ ಒಂದೇ ಒಂದು ಎಳೆ.

ಬಾನೆಟ್ಟಿನ ಒಳಮೈ ಒರೆಸುವಾಗ ಕಂಡಿತು,
ಮೊಳೆಯಲ್ಲಿ ಕೆರೆದ ಸಾಲು:
ಎಣೆ ೧೪-೩. ಎಣೆ ೨-೭. ಅಲಗು ಮಸೆದದ್ದು.
ಎಣೆ. ಎಣೆ. ಮಳೆ, ಕೆಲಸ ಇಲ್ಲ. ಎಣೆ.
ವರ್ಷವಿಲ್ಲ, ಹೆಸರಿಲ್ಲ.
ಒತ್ತಕ್ಷರ ಮರೆತವನು ಎಣ್ಣೆ ಮರೆತಿರಲಿಲ್ಲ.
ದೀಪದ ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ
ಮಡಿಸಿಟ್ಟವನೂ ಅವನೇ ಇರಬೇಕು.
ಕ್ಲಬ್ಬಿಗೆ ಫೋನು ಮಾಡಿದೆ.
ಬಿಲಿಯರ್ಡ್ಸ್ ಗೆದ್ದವರ ಹೆಸರು ಗೋಡೆಯ ಮೇಲುಂಟಂತೆ,
ಚಿನ್ನದ ಬಣ್ಣದಲ್ಲಿ.
ಹುಲ್ಲು ಕತ್ತರಿಸಿದವನದು ನೋಡಿ ಹೇಳುತ್ತಾರಂತೆ.
ಹೇಳಲಿಲ್ಲ.

ಹೊರಗೆ ಹಸಿರು ಬಳಿದೆವು. ಒಳಗೆ ಬೇಡ ಎಂದೆ.
ಮೊಯ್ದು ಯಾಕೆಂದು ಕೇಳಲಿಲ್ಲ, ಬ್ರಷ್ ತೊಳೆದಿಟ್ಟ.

ಕೈಲ್‌ಪೊಳ್ದಿನ ಬೆಳಿಗ್ಗೆ
ಕೋವಿಗೆ ಸಿಕ್ಕಿಸಲು ತಂದ ತೋಕ್‌ಪೂವಿನಲ್ಲಿ
ಒಂದನ್ನು ತೆಗೆದು ಸ್ಟೇರಿಂಗಿಗೂ ಸಿಕ್ಕಿಸಿದೆ.
ಉತ್ತಯ್ಯ ನೋಡಿಯೂ ನೋಡದಂತೆ ಇದ್ದ.
ಆಮೇಲೆ ಹಗ್ಗ ಎಳೆದವನೂ ಅವನೇ,
ಏಳು ಸಲ ಬೈದು, ಎಂಟನೆಯ ಸಲ ಬೈಯದೆ.
ಕೆಮ್ಮಿತು. ಬಿಳಿ ಹೊಗೆ, ಆಮೇಲೆ ನೀಲಿ,
ಆಮೇಲೆ ಹೊಗೆಯಿಲ್ಲದ ಬರೀ ಸದ್ದು.
ಒಲೆಯ ಮೇಲಿದ್ದ ಕಡಂಬಿಟ್ಟು ಯಾರಿಗೂ ನೆನಪಾಗಲಿಲ್ಲ.

ಹುಲ್ಲು? ಅಮ್ಮತ್ತಿ ರಸ್ತೆಯ ಬಸ್ ತಂಗುದಾಣದ ಪಕ್ಕ ಬೇಕಾದಷ್ಟಿತ್ತು,
ಬಸ್ಸಿಗೆ ಕಾಯುವವರ ಮೊಣಕಾಲೆತ್ತರ.
ನಡಿಗೆಯ ವೇಗದಲ್ಲಿ ಹೊರಟೆ.
ಹಿಂದೆ ಎರಡು ಜೀಪು, ಹಾರ್ನು ಒತ್ತಲು ನಾಚಿ.
ಒಂದು ಸುತ್ತು, ಇನ್ನೊಂದು ಸುತ್ತು,
ಕತ್ತರಿಸಿದ ಹಸಿ ಹುಲ್ಲಿನ ವಾಸನೆಗೆ ಶಾಲೆಯ ಹುಡುಗರು ಹತ್ತಿರ ಬಂದರು.
ಮೂರನೆಯದಕ್ಕೆ ಠಣ್!

ಹುಲ್ಲೊಳಗೆ ವಾಲಿಕೊಂಡು ಮೈಲಿಗಲ್ಲು.
ಅಂಕಿ ಅಳಿಸಿದೆ, 'ಮೈಲಿ' ಉಳಿದಿದೆ.
ಇಷ್ಟು ವರ್ಷ ಇಲ್ಲೇ ಬಸ್ಸು ಹತ್ತಿದ್ದೇನೆ.

ಸಂಜೆ ಬಾನೆಟ್ಟೆತ್ತಿ, ಅವನ ಕೊನೆಯ ಸಾಲಿನ ಕೆಳಗೆ
ಮೊಳೆಯಲ್ಲಿ, ಒತ್ತು ಬಿಟ್ಟೇ, ಬರೆದೆ:
ಎಣೆ ೩-೯. ಅಲಗು ಮುಕ್ಕು. ಕಲ್ಲಿತ್ತು.